ಐದು ತೋಟದ ದಾರಿಯಲ್ಲಿ ಅಣ್ಣ

"ನಾನು ಯಾರು ಗೊತ್ತಾಯ್ತಾ?"

ಆಸ್ಪತ್ರೆಗೆ ನೋಡಲು ಬಂದವರೆಲ್ಲ ಅಣ್ಣನಿಗೆ ಕೇಳಿದ ಮೊದಲ ಮಾತು ಇದೇ. ಊರಿನಿಂದ ಬಂದ ಚಿಕ್ಕಪ್ಪ ಕೇಳಿದರು. ಹೋಟೆಲಿನ ಮಾಣಿಗಳು ಕೇಳಿದರು. ಪಕ್ಕದ ಮನೆಯ ಮರಾಠಿ ಅಜ್ಜಿ "ಓಳಖಲಂಸ್ ಕಾ ಮಲಾ?" ಎಂದು ಮಂಚದ ಮೇಲೆ ಬಾಗಿ ಕೇಳಿದರು. ನಾನೂ ಕೇಳಿದೆ. ದಿನಕ್ಕೆ ಹತ್ತು ಸಲ ಕೇಳಿದೆ. ಅಣ್ಣ ಒಂದೊಂದು ಸಲ ಸರಿಯಾಗಿ ಹೇಳುತ್ತಿದ್ದ. ಒಂದೊಂದು ಸಲ ನನ್ನನ್ನು ಅತ್ತಿಗೆಯ ಹೆಸರು ಹಿಡಿದು ಕರೆಯುತ್ತಿದ್ದ. ಉತ್ತರ ಹೇಳಿದ ಮೇಲೆ ನಮ್ಮ ಮುಖ ನೋಡುತ್ತಿದ್ದ. ತಪ್ಪಿತು ಅಂತ ಅವನಿಗೆ ಗೊತ್ತಾಗುತ್ತಿದ್ದುದು ನಮ್ಮ ಮುಖದಿಂದಲೇ.

ಎರಡು ವರ್ಷದ ಹಿಂದಿನ ಜುಲೈ ತಿಂಗಳು. ರಾತ್ರಿ ಹನ್ನೊಂದೂವರೆ. ಮುಂಬಯಿಯ ಮಾಟುಂಗದಲ್ಲಿ ತಾನು ಕೆಲಸ ಮಾಡುವ ಹೋಟೆಲಿನ ಶಟರ್ ಎಳೆದು ಅಣ್ಣ ಸ್ಕೂಟರಿನಲ್ಲಿ ವಡಾಲಾದ ಮನೆಗೆ ಬರುತ್ತಿದ್ದ. ರಸ್ತೆಯಲ್ಲಿ ಗುಂಡಿ ಇತ್ತು, ಮಳೆನೀರು ತುಂಬಿ ಅದು ಕಾಣಲಿಲ್ಲ. ತಲೆಯ ಮೇಲೆ ಹೆಲ್ಮೆಟ್ ಇತ್ತು, ಬೆಲ್ಟ್ ಹಾಕಿರಲಿಲ್ಲ. ಅಣ್ಣ ರಸ್ತೆಗೆ ಬೀಳುವ ಮೊದಲೇ ಹೆಲ್ಮೆಟ್ ಹಾರಿಹೋಗಿತ್ತು. ಇದನ್ನು ಓದುತ್ತಿರುವ ನಿಮ್ಮ ಮನೆಯಲ್ಲಿ ಯಾರಾದರೂ ಸ್ಕೂಟರ್ ಓಡಿಸುವವರಿದ್ದರೆ ಆ ಬೆಲ್ಟ್ ವಿಷಯ ಇವತ್ತೇ ಹೇಳಿ. ಉಳಿದದ್ದನ್ನು ಆಮೇಲೆ ಓದಿದರೂ ಆದೀತು.

ಆಸ್ಪತ್ರೆಗೆ ತಂದಾಗ ಅವನ ಅಂಕ 9 ಇತ್ತು. ಕಣ್ಣು ತೆರೆಯುತ್ತಾರಾ, ಮಾತಾಡುತ್ತಾರಾ, ಹೇಳಿದಂತೆ ಕೈಕಾಲು ಆಡಿಸುತ್ತಾರಾ ಅಂತ ನೋಡಿ 3ರಿಂದ 15ರವರೆಗೆ ಕೊಡುವ ಅಂಕ ಅದು. 1974ರಲ್ಲಿ ಗ್ಲಾಸ್ಗೋ ನಗರದ ಇಬ್ಬರು ವೈದ್ಯರು ಮಾಡಿದ ಲೆಕ್ಕ, ಇಂದಿಗೂ ಜಗತ್ತಿನ ಎಲ್ಲ ಕಡೆ ಬಳಸುತ್ತಾರೆ. 8ರವರೆಗೆ ತೀವ್ರ ಪೆಟ್ಟು, 9ರಿಂದ 12 ಮಧ್ಯಮ, 13ರಿಂದ ಮೇಲೆ ಸಣ್ಣದು. ಅಣ್ಣನದು ಮಧ್ಯಮ ಎಂದರು. ಆ ಶಬ್ದ ಕೇಳಿ ನಾವು ಉಸಿರು ಬಿಟ್ಟೆವು. ಆಪರೇಷನ್ ಬೇಕಾಗಲಿಲ್ಲ. ಹನ್ನೊಂದು ದಿನ ಐಸಿಯು, ಆಮೇಲೆ ವಾರ್ಡು. ಮೆದುಳಿನ ಮುಂಭಾಗದಲ್ಲೂ ಎಡಗಿವಿಯ ಮೇಲಿನ ಭಾಗದಲ್ಲೂ ರಕ್ತ ಹೆಪ್ಪುಗಟ್ಟಿದ ಗಾಯ ಸ್ಕ್ಯಾನಿನಲ್ಲಿ ಕಾಣುತ್ತಿತ್ತು.

ವಾರ್ಡಿನಲ್ಲಿ ಅಣ್ಣ ಕಣ್ಣು ಮುಚ್ಚಿಕೊಂಡೇ ಏನೋ ಗೊಣಗುತ್ತಿದ್ದ. ಕಿವಿಗೊಟ್ಟು ಕೇಳಿದರೆ ಲೋಕಲ್ ರೈಲಿನ ಹಾರ್ಬರ್ ಲೈನಿನ ಸ್ಟೇಷನ್‌ಗಳು. ಮಸ್ಜಿದ್, ಸ್ಯಾಂಡ್‌ಹರ್ಸ್ಟ್ ರೋಡ್, ಡಾಕ್‌ಯಾರ್ಡ್ ರೋಡ್, ರೇ ರೋಡ್, ಕಾಟನ್ ಗ್ರೀನ್, ಶಿವ್ಡಿ, ವಡಾಲಾ. ಒಂದೂ ತಪ್ಪಿಲ್ಲ, ಒಂದೂ ಹಿಂದುಮುಂದಾಗಿಲ್ಲ. ಅತ್ತಿಗೆ ನನ್ನ ಕೈ ಹಿಡಿದು ಅತ್ತುಬಿಟ್ಟರು. ನೆನಪೆಲ್ಲ ಹಾಗೇ ಇದೆ ಅಂತ ನಮಗೆ ಅನ್ನಿಸಿತು. ಆಗ ನರ್ಸ್ ಬಂದು, ಬೆಳಿಗ್ಗೆ ಏನು ತಿಂದಿರಿ ಎಂದು ಕೇಳಿದರು. ಅಣ್ಣ ಇನ್ನೂ ತಿಂಡಿ ಕೊಟ್ಟಿಲ್ಲ ಎಂದ. ಉಪ್ಪಿಟ್ಟಿನ ತಟ್ಟೆ ಪಕ್ಕದಲ್ಲೇ ಇತ್ತು, ಖಾಲಿ.

ಮೂವತ್ತೈದು ವರ್ಷ ದಿನಾ ಕೇಳಿದ ಸ್ಟೇಷನ್ನಿನ ಹೆಸರು ಮೆದುಳಿನಲ್ಲಿ ಎಲ್ಲೆಲ್ಲೋ ಹರಡಿ ಭದ್ರವಾಗಿರುತ್ತದೆ. ಹೊಸದನ್ನು ಒಳಗೆ ಸೇರಿಸುವ ಬಾಗಿಲು ಬೇರೆ. ಅದಕ್ಕೆ ಹಿಪ್ಪೊಕ್ಯಾಂಪಸ್ ಅನ್ನುತ್ತಾರೆ. ಮೆದುಳಿನಲ್ಲಿ, ಕಿವಿಯ ಮಟ್ಟಕ್ಕೆ ಒಳಬದಿಯಲ್ಲಿ, ಎಡಕ್ಕೊಂದು ಬಲಕ್ಕೊಂದು ಇರುತ್ತದೆ. ಅಣ್ಣನಿಗೆ ಪೆಟ್ಟು ಬಿದ್ದದ್ದು ಅದರ ಹತ್ತಿರ. ಅಪಘಾತದ ದಿನದಿಂದ ಮುಂದಿನ ಹತ್ತೊಂಬತ್ತು ದಿನ ಅವನಿಗೆ ಇವತ್ತಿಗೂ ಇಲ್ಲ. ಅದು ವಾಪಸ್ ಬರುವುದಿಲ್ಲ, ಕಾಯಬೇಡಿ ಎಂದು ವೈದ್ಯರು ಆಗಲೇ ಹೇಳಿದ್ದರು.

ಅಣ್ಣನ ನೆನಪು ಎಂಥದು ಅಂತ ಇಲ್ಲಿ ಹೇಳಲೇಬೇಕು. ಹದಿನಾಲ್ಕನೇ ವಯಸ್ಸಿಗೆ ಕುಂದಾಪುರದಿಂದ ಬಂದವನು. ಕೊಂಕಣ ರೈಲು ಇನ್ನೂ ಇರಲಿಲ್ಲ, ಬಸ್ಸಿನಲ್ಲಿ ಬಂದ. ಹಗಲು ಹೋಟೆಲಿನಲ್ಲಿ ಮಾಣಿ, ರಾತ್ರಿ ಕನ್ನಡ ನೈಟ್ ಸ್ಕೂಲು. ಆಗ ಬಿಲ್ಲು ಬರೆಯುವ ಪದ್ಧತಿ ಆ ಹೋಟೆಲಿನಲ್ಲಿ ಇರಲಿಲ್ಲ. ನಾಲ್ಕು ಟೇಬಲ್, ಹದಿನಾರು ಜನ. ಯಾರು ಸಾದಾ ತಿಂದರು, ಯಾರು ಮಸಾಲೆ, ಯಾರಿಗೆ ಎರಡನೇ ಕಾಪಿ, ಎಲ್ಲ ತಲೆಯಲ್ಲೇ. ಗಿರಾಕಿ ಕೈತೊಳೆದು ಹೊರಡುವಾಗ ಒಟ್ಟು ಎಷ್ಟಾಯಿತು ಅಂತ ಗಲ್ಲಾದ ಕಡೆಗೆ ಕೂಗಿ ಹೇಳುವುದು. ಮುಂದೆ ಅದೇ ಗಲ್ಲಾದಲ್ಲಿ ತಾನೇ ಕೂತ. ಊರಿನವರ ಮಕ್ಕಳ ಹೆಸರು, ಯಾರ ಮದುವೆ ಯಾವ ಇಸವಿ, ಯಾರು ಎಷ್ಟು ಸಾಲ ತೀರಿಸಬೇಕು, ಎಲ್ಲ ಅವನನ್ನೇ ಕೇಳುತ್ತಿದ್ದರು.

ಅಂಥವನು ಮನೆಗೆ ಬಂದ ಮೇಲೆ "ಅಮ್ಮನಿಗೆ ಫೋನ್ ಮಾಡಿದಿಯಾ?" ಎಂದು ಒಂದು ಗಂಟೆಯಲ್ಲಿ ಎಂಟು ಸಲ ಕೇಳುತ್ತಿದ್ದ. ಆಗಲೇ ಮಾಡಿ ಮಾತಾಡಿ ಆಗಿರುತ್ತಿತ್ತು. ವಾಸನೆಯೂ ಹೋಗಿತ್ತು. ಮೂಗಿನಿಂದ ಮೆದುಳಿಗೆ ಹೋಗುವ ನರದ ಎಳೆಗಳು ತುಂಬ ಸಣ್ಣವು, ತಲೆ ಜೋರಾಗಿ ಅಲುಗಿದಾಗ ಕಡಿದುಹೋಗುತ್ತವೆ. ಒಗ್ಗರಣೆ ಕರಕಲಾದರೂ ಅವನಿಗೆ ತಿಳಿಯುತ್ತಿರಲಿಲ್ಲ. ಗ್ಯಾಸ್ ಸೋರಿದರೆ ಹೇಗೆ ಅಂತ ನಾವು ಅವನೊಬ್ಬನನ್ನೇ ಮನೆಯಲ್ಲಿ ಬಿಡುತ್ತಿರಲಿಲ್ಲ. ಇದನ್ನು ಯಾಕೆ ಹೇಳುತ್ತೇನೆ ಅಂದರೆ, ತಲೆಗೆ ಪೆಟ್ಟಾದ ಮನೆಯಲ್ಲಿ ನೆನಪಿನ ಗದ್ದಲದ ನಡುವೆ ಈ ವಿಷಯವನ್ನು ಯಾರೂ ಕೇಳುವುದಿಲ್ಲ.

ನಾನು ಡೊಂಬಿವಲಿಯವಳು. ಎರಡು ತಿಂಗಳು ರಜೆ ಹಾಕಿ ವಡಾಲಾದಲ್ಲೇ ಉಳಿದೆ. ವಾರಕ್ಕೆ ಮೂರು ದಿನ ಒಬ್ಬಳು ಫಿಸಿಯೋಥೆರಪಿ ಹುಡುಗಿ ಬರುತ್ತಿದ್ದಳು. ಸಾತಾರಾ ಕಡೆಯವಳು. ಬಾಗಿಲಲ್ಲೇ "ದಾದಾ, ಚಲಾ" ಅನ್ನುವಳು. ಮೊದಲ ವಾರ ಬರೀ ಕುರ್ಚಿಯಿಂದ ಏಳುವುದು, ಕೂರುವುದು. ಆಮೇಲೆ ಕಟ್ಟಡದ ವರಾಂಡದಲ್ಲಿ ಗೋಡೆ ಹಿಡಿದು ಇಪ್ಪತ್ತು ಹೆಜ್ಜೆ. ನನಗೆ ಕೋಪ ಬಂತು. ಅಣ್ಣನ ಕಾಲಿಗೆ ಏನೂ ಆಗಿರಲಿಲ್ಲ, ಹೋಗಿದ್ದು ನೆನಪು, ಇವಳು ನಡೆಸುತ್ತಾಳಲ್ಲ ಅಂತ. ಕೇಳಿಯೂ ಕೇಳಿದೆ. ಅವಳು ನಡಿಗೆಯೇ ನೆನಪಿನ ಔಷಧದ ಮೊದಲ ಡೋಸು ಎಂದಳು. ನಂಬಿಕೆ ಬರಲಿಲ್ಲ. ರಾತ್ರಿ ಅಣ್ಣ ಮಲಗಿದ ಮೇಲೆ ಓದಲು ಶುರುಮಾಡಿದೆ.

ಒಳ್ಳೆಯ ಸುದ್ದಿ ಇತ್ತು. ಬೇಗ ನಡೆದಾಗ, ಉಸಿರು ಸ್ವಲ್ಪ ಏರಿದಾಗ, ಬಿಡಿಎನ್‌ಎಫ್ ಅನ್ನುವ ಒಂದು ಪ್ರೋಟೀನ್ ಹೆಚ್ಚುತ್ತದೆ. ನರಕೋಶ ಉಳಿಯಲು, ಒಂದಕ್ಕೊಂದು ಜೋಡಿಕೊಳ್ಳಲು ಅದು ಬೇಕು. 2011ರಲ್ಲಿ ಅಮೆರಿಕದಲ್ಲಿ 120 ಜನ ವಯಸ್ಸಾದವರ ಮೇಲೆ ಒಂದು ಅಧ್ಯಯನ ಪ್ರಕಟವಾಯಿತು. ಒಂದು ವರ್ಷ ವಾರಕ್ಕೆ ಮೂರು ದಿನ ನಡೆದವರ ಹಿಪ್ಪೊಕ್ಯಾಂಪಸ್ ಸುಮಾರು 2% ದೊಡ್ಡದಾಗಿತ್ತು. ಬರೀ ಮೈ ಹಿಗ್ಗಿಸುವ ವ್ಯಾಯಾಮ ಮಾಡಿದವರದ್ದು ಕುಗ್ಗಿತ್ತು. ಆದರೆ ಅವರಿಗೆ ತಲೆಗೆ ಪೆಟ್ಟಾಗಿರಲಿಲ್ಲ ಅನ್ನುವುದನ್ನು ಮರೆಯಬಾರದು. ತಲೆಗೆ ಸಣ್ಣ ಪೆಟ್ಟಾದ ಮಕ್ಕಳ ವಿಷಯದಲ್ಲಿ 2019ರಲ್ಲಿ ಅಮೆರಿಕದ ಬಫಲೋದ ವೈದ್ಯರು ಇನ್ನೊಂದು ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. 103 ಹದಿಹರೆಯದವರು. ಹದವಾಗಿ ನಡಿಗೆ, ಸೈಕಲ್ ಇಂಥದ್ದು ಮಾಡಿದವರು 13 ದಿನಕ್ಕೆ ಚೇತರಿಸಿಕೊಂಡರು, ಮೈ ಹಿಗ್ಗಿಸುವುದಷ್ಟೇ ಮಾಡಿದವರು 17 ದಿನಕ್ಕೆ. ಮೊದಲೆಲ್ಲ ಕತ್ತಲ ಕೋಣೆಯಲ್ಲಿ ಸುಮ್ನೆ ಮಲಗಿಸುತ್ತಿದ್ದರಂತೆ. ಅಣ್ಣನ ಪೆಟ್ಟು ಅವರಿಗಿಂತ ದೊಡ್ಡದು, ಅವನಿಗೆ ಇಷ್ಟೇ ಲಾಭ ಅಂತ ಯಾರೂ ಬರೆದುಕೊಡಲಾರರು. ಆದರೂ ಗೋಡೆ ಹಿಡಿದ ಆ ಇಪ್ಪತ್ತು ಹೆಜ್ಜೆಯನ್ನು ನಾನು ಮಾರನೇ ದಿನ ಬೇರೆ ಕಣ್ಣಿನಿಂದ ನೋಡಿದೆ.

ಹದ ಅನ್ನುವುದೇ ಇಲ್ಲಿ ಮುಖ್ಯ. ನಡೆಯುವ ಮೊದಲು ತಲೆನೋವಿಗೆ 10ರಲ್ಲಿ ಎಷ್ಟು ಅಂಕ ಅಂತ ಅಣ್ಣನೇ ಹೇಳಬೇಕು. ನಡುವೆ ಆ ಅಂಕ ಮೊದಲು ಹೇಳಿದ್ದಕ್ಕಿಂತ 2ಕ್ಕೂ ಜಾಸ್ತಿ ಏರಿದರೆ ಅಲ್ಲಿಗೇ ನಿಲ್ಲಿಸಿ ಕೂರಬೇಕು. ನಾಡಿಬಡಿತ ನಿಮಿಷಕ್ಕೆ 105 ದಾಟಬಾರದು ಅಂತ ಅವನಿಗೆ ಮೊದಲು ಹಾಕಿದ ಮಿತಿ. ಒಂದು ದಿನ ಹುರುಪಿನಲ್ಲಿ ನಾನೇ ಅವನನ್ನು ಮಾಟುಂಗ ಮಾರ್ಕೆಟಿನವರೆಗೆ ಕರೆದುಕೊಂಡು ಹೋದೆ. ಹೂವಿನ ಅಂಗಡಿ, ಹಾರ್ನು, ಜನ. ಮನೆಗೆ ಬಂದವನು ಎರಡು ದಿನ ಎದ್ದೇಳಲಿಲ್ಲ. ಆ ಎರಡು ದಿನ ನನ್ನ ಹೆಸರೂ ಅವನಿಗೆ ಸಿಗಲಿಲ್ಲ. ಸುಸ್ತಾದ ತಲೆಗೆ ನೆನಪು ಹತ್ತುವುದಿಲ್ಲ ಅಂತ ಆವತ್ತು ಕಲಿತೆ.

ಇನ್ನು ನೆನಪಿನ ಅಭ್ಯಾಸದ ವಿಷಯ. ಇಲ್ಲೇ ನಾನು ಹೆಚ್ಚು ತಪ್ಪು ಮಾಡಿದ್ದು.

ಮೊಬೈಲಿನಲ್ಲಿ ಮೆದುಳಿನ ಆಟದ ಆ್ಯಪ್ ಹಾಕಿಕೊಟ್ಟೆ. ಚಿತ್ರದ ಜೋಡಿ ಹುಡುಕುವುದು, ಅಂಕಿ ನೆನಪಿಡುವುದು. ಒಂದು ತಿಂಗಳಲ್ಲಿ ಅವನ ಸ್ಕೋರು ಏರಿತು. ಬೆಳಗಿನ ಮಾತ್ರೆ ನುಂಗಿದ್ದು ಮಾತ್ರ ನೆನಪಿಲ್ಲ. ಆಟ ಆಡಿದರೆ ಆ ಆಟ ಬರುತ್ತದೆ, ಬದುಕಿನ ಕೆಲಸಕ್ಕೆ ಅದು ಅಷ್ಟಾಗಿ ದಾಟುವುದಿಲ್ಲ. ಇಂಥ ಆಟ ಮಾರುವ ಒಂದು ಕಂಪನಿ ಮರೆವು ತಡೆಯುತ್ತೇವೆ ಅಂತ ಜಾಹೀರಾತು ಕೊಟ್ಟದ್ದಕ್ಕೆ 2016ರಲ್ಲಿ ಅಮೆರಿಕದ ವ್ಯಾಪಾರ ಆಯೋಗಕ್ಕೆ 20 ಲಕ್ಷ ಡಾಲರ್ ಕಟ್ಟಬೇಕಾಯಿತು. ದುಡ್ಡು ಕೊಟ್ಟು ಇವನ್ನು ಕೊಳ್ಳುವ ಮೊದಲು ಯೋಚಿಸಿ.

ಎರಡನೆಯ ತಪ್ಪು ಆ ಪ್ರಶ್ನೆಗಳು. "ಮಾತ್ರೆ ಡಬ್ಬಿ ಎಲ್ಲಿದೆ ಹೇಳು ನೋಡುವ? ಯೋಚನೆ ಮಾಡು. ಯೋಚನೆ ಮಾಡಿದರೆ ಬರುತ್ತದೆ." ಅವನು ಅಡುಗೆಮನೆ ಅನ್ನುವನು. ಅಲ್ಲ ಅನ್ನುವೆ. ಕಪಾಟು ಅನ್ನುವನು. ಅಲ್ಲ ಅನ್ನುವೆ. ಮಾರನೇ ದಿನ ಮತ್ತೆ ಮೊದಲು ಅಡುಗೆಮನೆಗೇ ಹೋಗುವನು. ಥೆರಪಿ ಹುಡುಗಿ ಇದನ್ನು ಕೇಳಿ ತಲೆ ಆಡಿಸಿದಳು. ಅವಳು ತನ್ನ ಜೊತೆಗಿದ್ದ ಸೈಕಾಲಜಿಸ್ಟ್ ಒಬ್ಬರ ಹತ್ತಿರ ಮಾತಾಡಿಸಿದಳು. ಅವರು ಹೇಳಿದ ಮಾತು ನನಗೆ ಕಣ್ಣು ತೆರೆಸಿತು. ನಾವು ನೀವಾದರೆ ತಪ್ಪು ಉತ್ತರ ಹೇಳಿದೆವು ಅನ್ನುವುದನ್ನೂ ನೆನಪಿಟ್ಟುಕೊಂಡು ತಿದ್ದಿಕೊಳ್ಳುತ್ತೇವೆ. ಇವರಿಗೆ ಆ ನೆನಪೇ ಇಲ್ಲ. ಬಾಯಿಂದ ಬಂದ ತಪ್ಪು ಉತ್ತರ ಮಾತ್ರ ಒಳಗೆ ಉಳಿಯುತ್ತದೆ, ಮತ್ತೆ ಅದೇ ಮೊದಲು ಬರುತ್ತದೆ. ಇಂಗ್ಲೆಂಡಿನ ಬಾರ್ಬರಾ ವಿಲ್ಸನ್ ಮತ್ತು ಅಲನ್ ಬ್ಯಾಡ್ಲಿ 1994ರಲ್ಲಿ ಇದನ್ನು ಪರೀಕ್ಷೆ ಮಾಡಿ ತೋರಿಸಿದ್ದಾರೆ. ಅಂಥವರಿಗೆ ಕಲಿಸುವಾಗ ಊಹೆ ಮಾಡಲು ಬಿಡಬಾರದು. ಉತ್ತರವನ್ನು ನಾವೇ ಮೊದಲು ಹೇಳಬೇಕು.

ಒಂದು ತಿಂಗಳು ನಾನು ಅವನಿಂದ ತಪ್ಪು ಹೇಳಿಸಿ ಹೇಳಿಸಿ ತಪ್ಪನ್ನೇ ಕಲಿಸಿದ್ದೆ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮಾರನೇ ದಿನದಿಂದ ಬದಲಾಯಿಸಿದೆ. "ಅಣ್ಣ, ಮಾತ್ರೆ ಡಬ್ಬಿ ದೇವರ ಫೋಟೋದ ಕೆಳಗಿನ ಹಲಗೆಯಲ್ಲಿ ಇದೆ. ಎಲ್ಲಿದೆ?" ಅವನು ಹೇಳಿದ. ಹದಿನೈದು ಸೆಕೆಂಡ್ ಬಿಟ್ಟು ಮತ್ತೆ. ಅರ್ಧ ನಿಮಿಷ ಬಿಟ್ಟು ಮತ್ತೆ. ಒಂದು ನಿಮಿಷ, ಎರಡು, ನಾಲ್ಕು, ಎಂಟು. ನಡುವೆ ಬೇರೆ ಮಾತು, ಟೀವಿ, ತರಕಾರಿ ಹೆಚ್ಚುವುದು. ತಡವರಿಸಿದರೆ ಕಾಯದೆ ಉತ್ತರ ಕೊಡುವುದು, ಹಿಂದಿನ ಸಲ ಗೆದ್ದ ಅಂತರಕ್ಕೆ ವಾಪಸ್ ಹೋಗುವುದು. ಎದ್ದು ಹೋಗಿ ಡಬ್ಬಿ ಮುಟ್ಟಿ ಬರುವುದೂ ಅದರಲ್ಲೇ ಸೇರಿತ್ತು. ಒಂದು ವಾರ ಹಿಡಿಯಿತು. ಎಂಟನೇ ದಿನ ಯಾರೂ ಹೇಳದೆ ಎದ್ದು ಹೋಗಿ ಡಬ್ಬಿ ತಂದ. ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಅತ್ತಿಗೆ ನೀರು ತಂದುಕೊಟ್ಟರು.

ಬಂದವರು ಕೇಳುವ ಆ ಪ್ರಶ್ನೆಯನ್ನೂ ನಿಲ್ಲಿಸಿದೆವು. ಅತ್ತಿಗೆ ಬಾಗಿಲಲ್ಲೇ ಚಪ್ಪಲಿ ಬಿಡಿಸುವಾಗ ಹೇಳಿಬಿಡುತ್ತಿದ್ದರು, ನಿಮ್ಮ ಹೆಸರು ನೀವೇ ಮೊದಲು ಹೇಳಿ ಅಂತ. ಕೆಲವರಿಗೆ ಬೇಸರವಾಯಿತು. ಆದರೆ ಅಣ್ಣ ಬಂದವರ ಹತ್ತಿರ ಕೂತು ಮಾತಾಡತೊಡಗಿದ. ಅಲ್ಲಿಯವರೆಗೆ ಬೆಲ್ ಆದರೆ ಒಳಕೋಣೆಗೆ ಹೋಗುತ್ತಿದ್ದ.

ಐದನೇ ತಿಂಗಳಿಗೆ ಹೋಟೆಲಿನ ಧನಿಗಳು ದಿನಕ್ಕೆ ಒಂದು ಗಂಟೆ ಬಂದು ಕೂತುಕೋ ಎಂದರು. ಅಷ್ಟರಲ್ಲಿ ಗಲ್ಲಾಕ್ಕೆ ಹೊಸ ಬಿಲ್ಲಿಂಗ್ ಮೆಷಿನ್ ಬಂದಿತ್ತು. ಅಣ್ಣ ಎಂದೂ ನೋಡದೇ ಇದ್ದದ್ದು. ಧನಿಗಳ ಮಗ ಪಕ್ಕದಲ್ಲಿ ನಿಂತು ಅಣ್ಣನ ಬೆರಳು ಹಿಡಿದೇ ಒತ್ತಿಸಿದ. ಇಡ್ಲಿಗೆ ಇದು, ಮಸಾಲೆಗೆ ಇದು, ಪ್ರಿಂಟಿಗೆ ಇದು. ಊಹೆಗೆ ಬಿಡಲಿಲ್ಲ, ಗದರಲೂ ಇಲ್ಲ. ಮೂರನೇ ವಾರ ನಾನು ನೋಡಲು ಹೋದೆ. "ಇದೆಂತ ಮೆಷಿನ್ನೋ, ಇವತ್ತೇ ಬಂದದ್ದು" ಎಂದ ನನಗೆ. ಹಾಗೆ ಹೇಳುತ್ತಿರುವಾಗಲೇ ಅವನ ಬೆರಳು ಎರಡು ಇಡ್ಲಿ, ಒಂದು ಕಾಪಿ ಒತ್ತಿ ಬಿಲ್ಲು ಹರಿದು ಕೊಟ್ಟಿತು.

ನನ್ನ ಮೈ ಜುಮ್ಮೆಂದಿತು. 1953ರಲ್ಲಿ ಅಮೆರಿಕದಲ್ಲಿ ಹೆನ್ರಿ ಮೊಲೈಸನ್ ಎಂಬವರಿಗೆ ಮೂರ್ಛೆರೋಗ ನಿಲ್ಲಿಸಲೆಂದು ಎರಡೂ ಕಡೆಯ ಹಿಪ್ಪೊಕ್ಯಾಂಪಸಿನ ದೊಡ್ಡ ಭಾಗ ತೆಗೆದರು. ಆಮೇಲೆ ಅವರಿಗೆ ಹೊಸ ನೆನಪು ನಿಲ್ಲಲಿಲ್ಲ. ಬ್ರೆಂಡಾ ಮಿಲ್ನರ್ ಅನ್ನುವ ವಿಜ್ಞಾನಿ ಅವರಿಗೆ ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಗೆರೆ ತಿದ್ದಲು ಕೊಟ್ಟರು. ಪ್ರತಿದಿನ ಇದು ಹೊಸ ಕೆಲಸ ಅಂತಲೇ ಅವರಿಗೆ ಅನ್ನಿಸುತ್ತಿತ್ತು. ಗೆರೆ ಮಾತ್ರ ದಿನದಿಂದ ದಿನಕ್ಕೆ ನೇರವಾಗುತ್ತಿತ್ತು. ಕೈ ಕಲಿಯುವ ದಾರಿಯೇ ಬೇರೆ ಅಂತ ವಿಜ್ಞಾನಕ್ಕೆ ಗೊತ್ತಾದದ್ದು ಅವರಿಂದ. ಇದನ್ನೆಲ್ಲ ಓದಿದ್ದೆ. ಗಲ್ಲಾದ ಎದುರು ನಿಂತು ನೋಡಿದ್ದು ಬೇರೆ.

ನೋಟ್‌ಪುಸ್ತಕಕ್ಕೆ ಮಾತ್ರ ಅಣ್ಣ ಬಹಳ ದಿನ ಒಪ್ಪಲಿಲ್ಲ. ಹದಿನಾರು ಜನರ ಬಿಲ್ಲು ತಲೆಯಲ್ಲಿಟ್ಟವನು ನಾನು, ಚೀಟಿ ಇಟ್ಟುಕೊಂಡು ತಿರುಗಬೇಕಾ ಅಂತ. ಅವನ ನೋವು ನನಗೆ ಅರ್ಥವಾಗುತ್ತಿತ್ತು. ಒತ್ತಾಯ ಮಾಡಲಿಲ್ಲ. ಕನ್ನಡದ ಕಾಲನಿರ್ಣಯ ಕ್ಯಾಲೆಂಡರಿನಲ್ಲಿ ದಿನಾ ತಾರೀಕಿಗೆ ಗೆರೆ ಹಾಕುವುದರಿಂದ ಶುರುವಾಯಿತು. ಆಮೇಲೆ ಅಂಗಿ ಜೇಬಿಗೆ ಹಿಡಿಯುವ ಪುಸ್ತಕ. ಎಡಪುಟದಲ್ಲಿ ಇವತ್ತು ಮಾಡಬೇಕಾದ್ದು, ಬಲಪುಟದಲ್ಲಿ ಆದದ್ದು. ಫೋನಿನ ಅಲಾರಂ ಆದಾಗ ಪುಸ್ತಕ ತೆಗೆಯುವುದು. ಪೆಟ್ಟು ಜೋರಾಗಿದ್ದವರಿಗೆ ಇಂಥ ಹೊರಗಿನ ಆಸರೆಯೇ ಹೆಚ್ಚು ಉಪಯೋಗ, ಸ್ವಲ್ಪ ಹಿಡಿತ ಬಂದ ಮೇಲೆ ತಲೆಯೊಳಗಿನ ಉಪಾಯಗಳನ್ನು ಸೇರಿಸಬಹುದು ಎಂದರು ಸೈಕಾಲಜಿಸ್ಟ್.

ಆ ಉಪಾಯ ನಮಗೆ ಸಿಕ್ಕಿದ್ದು ಫೈವ್ ಗಾರ್ಡನ್ಸಿನಲ್ಲಿ.

ಆರನೇ ತಿಂಗಳ ಹೊತ್ತಿಗೆ ಅಣ್ಣ ಇಪ್ಪತ್ತೈದು ನಿಮಿಷ ನಡೆಯುವಷ್ಟಾಗಿದ್ದ. ನಾನು ಆಗಲೇ ಡೊಂಬಿವಲಿಗೆ ವಾಪಸಾಗಿದ್ದೆ. ಶನಿವಾರ ರಾತ್ರಿ ಬಂದು ಭಾನುವಾರ ಬೆಳಿಗ್ಗೆ ಅವನ ಜೊತೆ ಹೋಗುತ್ತಿದ್ದೆ. ದಾದರ್ ಪಾರ್ಸಿ ಕಾಲನಿಯ ಆ ಜಾಗ ಗೊತ್ತಿಲ್ಲದವರಿಗೆ ಹೇಳುತ್ತೇನೆ, ಒಂದು ವೃತ್ತದ ಸುತ್ತ ಐದು ತೋಟ. ದೊಡ್ಡ ಮರಗಳು, ನೆರಳು, ಕಲ್ಲುಬೆಂಚು. ಬೆಳಿಗ್ಗೆ ಆರಕ್ಕೆ ಮುಂಬಯಿಯಲ್ಲಿ ಇಷ್ಟು ಮೌನ ಎಲ್ಲಿದೆ ಹೇಳಿ. ಥೆರಪಿ ಹುಡುಗಿ ನಡೆಯುತ್ತಾ ಮಾತಾಡಿ ಅಂದಿದ್ದಳು. ಕಾಲಿಗೂ ತಲೆಗೂ ಒಟ್ಟಿಗೆ ಕೆಲಸ ಕೊಡುವುದು ಒಂದು ಅಭ್ಯಾಸವೇ. ಆಗ ಅಣ್ಣನೇ ಹೇಳಿದ, "ಇಲ್ಲಿ ಐದು ಟೇಬಲ್ ಉಂಟು ಅಂತ ಲೆಕ್ಕ ಹಾಕುವ."

ಟೇಬಲ್! ಅವನ ಹಳೆಯ ಲೆಕ್ಕ. ಒಂದೊಂದು ತೋಟ ಒಂದು ಟೇಬಲ್. ಮೊದಲನೇ ಟೇಬಲಿನಲ್ಲಿ ಹಾಲು ಕೂತಿದೆ. ಎರಡರಲ್ಲಿ ಕರಿಬೇವು. ಮೂರರಲ್ಲಿ ಲೈಟ್ ಬಿಲ್ಲು. ನಾಲ್ಕರಲ್ಲಿ ಗುಳಿಗೆಯ ಪಟ್ಟಿ. ಐದರಲ್ಲಿ ಅಮ್ಮ, ಫೋನಿಗೆ ಕಾಯುತ್ತಾ. ಜಾಗಕ್ಕೆ ವಸ್ತುವನ್ನು ಕಟ್ಟಿ ನೆನಪಿಡುವ ಈ ಉಪಾಯ ಗ್ರೀಕರ ಕಾಲದ್ದು ಅಂತ ಆಮೇಲೆ ತಿಳಿಯಿತು. ಅಣ್ಣನಿಗೆ ಅದು ಅವನ ಹೋಟೆಲಿನದ್ದು. ಮನೆಗೆ ಬರುವಾಗ ದಾರಿಯಲ್ಲಿ ಒಂದೊಂದೇ ಟೇಬಲಿಗೆ ಮನಸ್ಸಿನಲ್ಲೇ ಹೋಗುವನು. ಮೊದಲ ಭಾನುವಾರ ಎರಡು ಸಿಕ್ಕಿತು, ಉಳಿದದ್ದು ಪುಸ್ತಕದಲ್ಲಿ ನೋಡಿದ. ಎರಡು ತಿಂಗಳಿಗೆ ನಾಲ್ಕು. ಕೆಲವು ವಾರ ಮತ್ತೆ ಎರಡಕ್ಕೆ ಇಳಿಯುತ್ತಿತ್ತು. ನಿದ್ದೆ ಕೆಟ್ಟ ವಾರ, ಜ್ವರ ಬಂದ ವಾರ. ಮೊದಲ ಆರು ತಿಂಗಳು ಗುಣವಾಗುವ ವೇಗ ಜಾಸ್ತಿ, ಆಮೇಲೆ ನಿಧಾನ ಎಂದಿದ್ದರು ವೈದ್ಯರು. ನಿಧಾನವೇ ಸರಿ, ಆದರೆ ನಿಂತಿಲ್ಲ.

ಈಗ ಅಣ್ಣ ದಿನಕ್ಕೆ ಐದು ಗಂಟೆ ಗಲ್ಲಾದಲ್ಲಿ ಕೂರುತ್ತಾನೆ. ಸ್ಕೂಟರ್ ಮಾರಿದ್ದೇವೆ. ಹೊಸ ಮಾಣಿಗಳ ಹೆಸರು ಅವನಿಗೆ ನಿಲ್ಲುವುದಿಲ್ಲ, ಅವರೇ ಅಂಗಿಯ ಮೇಲೆ ಹೆಸರು ಬರೆದ ಪಟ್ಟಿ ಹಾಕಿಕೊಂಡಿದ್ದಾರೆ. ಅದು ಅವರಿಗೇ ಹೊಳೆದದ್ದು, ನಾವು ಹೇಳಿದ್ದಲ್ಲ. ಸಾರಿನ ಪರಿಮಳ ಇನ್ನೂ ಬಂದಿಲ್ಲ. ಸಂಜೆ ಐದರ ಮೇಲೆ ಗಲಾಟೆ ತಡೆಯಲಾರ.

ಹೋದ ಭಾನುವಾರ ಸಣ್ಣ ಮಳೆ. ಕೊಡೆ ಹಿಡಿದು ಐದು ತೋಟ ಸುತ್ತಿದೆವು. ಆ ದಿನದ ನಾಲ್ಕು ವಿಷಯ ಅತ್ತಿಗೆ ಹೇಳಿ ಕಳಿಸಿದ್ದರು. ಐದನೇ ಟೇಬಲ್ ಖಾಲಿ ಅಂದುಕೊಂಡಿದ್ದೆ. ವಡಾಲಾದ ತಿರುವಿನಲ್ಲಿ ಅಣ್ಣ ಒಂದೊಂದೇ ಹೇಳುತ್ತಾ ಬಂದ. ಕೊತ್ತಂಬರಿ, ಇಸ್ತ್ರಿ ಬಟ್ಟೆ, ಗ್ಯಾಸ್ ಬುಕ್ಕಿಂಗ್. ನಾಲ್ಕನೆಯದು ಸಿಗಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಅವನು ನಿಂತು ನನ್ನ ಕಡೆ ತಿರುಗಿದ.

"ಐದರಲ್ಲಿ ನಾನೇ ಒಂದು ಇಟ್ಟಿದ್ದೆ ಮಾರಾಯ್ತಿ. ನಿನ್ನ ಮಾಣಿಯ ಪರೀಕ್ಷೆ ಮುಗೀತಾ?"

ಮಗನದ್ದು ಶುಕ್ರವಾರ ಮುಗಿಯಿತು ಅಣ್ಣ ಎಂದೆ. ಅವನು ಕೊಡೆಯನ್ನು ನನ್ನ ಕೈಗೆ ಕೊಟ್ಟು, ಜೇಬಿನಿಂದ ಪುಸ್ತಕ ತೆಗೆದು, ಬಲಪುಟದಲ್ಲಿ ಬರೆದುಕೊಂಡ.